ಪಿಟೀಲಿನ ಅಕ್ಕ

ಗಲ್ಫಿನ ಈ ಊರಿನ ಕರಾಮ ಬಡಾವಣೆಯಲ್ಲಿ ನಾನು ವಾರಕ್ಕೆ ಎರಡು ಮೂರು ಸಲವಾದರೂ ಹೋಗುವ ಒಂದು ಉಡುಪಿ ಹೋಟೆಲಿದೆ. ಮೊನ್ನೆ ಅಲ್ಲಿಯ ಹೊಸ ಸಪ್ಲೈಯರ್ ನನ್ನ ಮೇಜಿಗೆ ಎರಡು ಲೋಟ ನೀರು ತಂದಿಟ್ಟ. ನಾನು ಒಬ್ಬಳೇ ಇದ್ದೆ. ಆದರೆ ಎದುರಿನ ಕುರ್ಚಿಯಲ್ಲಿ ನನ್ನ ಕಪ್ಪು ಪೆಟ್ಟಿಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿತ್ತು. ಮಧ್ಯಾಹ್ನದ ಗಡಿಬಿಡಿಯಲ್ಲಿ ಅವನು ಅದನ್ನೂ ಗಿರಾಕಿ ಎಂದುಕೊಂಡಿದ್ದ. ಪೆಟ್ಟಿಗೆಯನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಲೋಟ ನೋಡಿ, "ಇರ್ಲಿ ಬಿಡಿ ಮೇಡಂ, ಎರಡೂ ನೀವೇ ಕುಡೀರಿ" ಎಂದ. ಕುಡಿದೆ.

ನಾನು ಹೋದಲ್ಲಿಗೆಲ್ಲ ಈ ಪೆಟ್ಟಿಗೆ ಬರುತ್ತದೆ. ಮೀನಿನಂಗಡಿಗೆ ಬಂದಿದೆ, ಹಲ್ಲಿನ ಡಾಕ್ಟರ ಹತ್ತಿರ ಬಂದಿದೆ, ವೀಸಾ ಮೆಡಿಕಲ್ಲಿನ ಸಾಲಿನಲ್ಲಿ ನನ್ನೊಂದಿಗೆ ನಿಂತಿದೆ. ಬರೀ ಪ್ರೀತಿ ಎಂದು ತಿಳಿಯಬೇಡಿ. ಇಲ್ಲಿನ ಬೇಸಿಗೆಯಲ್ಲಿ ಅದನ್ನು ಕಾರಿನಲ್ಲಿ ಬಿಟ್ಟುಹೋದರೆ, ಒಂದು ಮಸಾಲೆ ದೋಸೆ ಮುಗಿಸಿ ಬರುವಷ್ಟರಲ್ಲಿ ಅಂಟೆಲ್ಲ ಸಡಿಲವಾಗಿ ಮರದ ಹೋಳುಗಳು ಒಂದನ್ನೊಂದು ಬಿಟ್ಟಿರುತ್ತವೆ.

ಒಳಗೆ ಇರುವುದು ವಿಯೋಲಾ. ನೋಡಿದವರೆಲ್ಲ "ವಯೋಲಿನ್ನಾ?" ಎಂದು ಕೇಳುತ್ತಾರೆ. ನಾನು ಅರಬಿ, ಹಿಂದಿ, ಮಲಯಾಳ ಭಾಷೆಗಳಲ್ಲಿ "ಅಲ್ಲ" ಎನ್ನಲು ಕಲಿತದ್ದೇ ಈ ಪ್ರಶ್ನೆಯಿಂದ. ಕೊನೆಗೆ ನಮ್ಮವರಿಗಾಗಿ ಒಂದು ಉತ್ತರ ಸಿದ್ಧಮಾಡಿಟ್ಟುಕೊಂಡೆ: ಇದು ಪಿಟೀಲಿನ ಅಕ್ಕ. ಮೈ ಸ್ವಲ್ಪ ದೊಡ್ಡದು, ದನಿ ಸ್ವಲ್ಪ ದಪ್ಪ. ತಂಗಿ ಸಭೆಯ ಮುಂದೆ ಮಿಂಚುವಾಗ ಹಿಂದೆ ನಿಂತು ಅವಳ ಸೆರಗು ಸರಿಮಾಡುವವಳು. ಆರ್ಕೆಸ್ಟ್ರಾದಲ್ಲಿ ಎಲ್ಲರ ಬಾಯಲ್ಲಿ ಉಳಿಯುವ ಧಾಟಿಯನ್ನು ಪಿಟೀಲುಗಳು ನುಡಿಸುತ್ತವೆ, ಅಡಿಪಾಯವನ್ನು ಚೆಲ್ಲೋಗಳು ನೋಡಿಕೊಳ್ಳುತ್ತವೆ. ನಡುವೆ ಇರುವ ನಾವು ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದಿದ್ದರೆ ಮಾತ್ರ ಏನೋ ಕಡಿಮೆಯಾಯಿತಲ್ಲ ಎನಿಸುತ್ತದೆ, ಸಾರಿಗೆ ಇಂಗು ಮರೆತ ಹಾಗೆ.

ನನ್ನನ್ನು ನೋಡಲು ಬಂದ ಒಬ್ಬ ವರ ಕೂಡ "ನೀವು ವಯೋಲಿನ್ ಬಾರಿಸ್ತೀರಂತೆ" ಎಂದೇ ಶುರುಮಾಡಿದ. ನಾನು ಪಾಠ ಮಾಡಲು ಕೂತೆ. ಅವನು ಕಾಫಿ ಮುಗಿಸಿ ಹೋದ. ನನ್ನ ಮದುವೆಯ ಕತೆ ಇಷ್ಟೇ, ಮತ್ತೆ ಕೇಳಬೇಡಿ.

ಇದನ್ನು ನಾನಾಗಿ ಆರಿಸಿಕೊಂಡೆ ಎಂದರೆ ಸುಳ್ಳಾಗುತ್ತದೆ. ನನ್ನನ್ನು ತಳ್ಳಿದ್ದು.

ನಾನು ಬೆಳೆದದ್ದು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ. ಕಟಪಾಡಿಯಿಂದ ಬಂದ ಪಪ್ಪ ಅಲ್ಲಿ ಒಂದು ಗಡಿಯಾರದಂಗಡಿಯಲ್ಲಿ ಸೇಲ್ಸ್‌ಮನ್ ಆಗಿದ್ದರು. ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲೇ ನಮ್ಮ ಮನೆ. ಕಿಟಕಿಗೆ ತುರುಕಿದ ಹಳೇ ಎಸಿ ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ಪಪ್ಪ ಅದನ್ನು ಬೈದದ್ದೇ ಇಲ್ಲ. ಶುಕ್ರವಾರ ಬೆಳಿಗ್ಗೆ ಸ್ನಾನ ಮುಗಿಸಿ, ಎಸಿಯ ಕೆಳಗೆ ಚಾಪೆ ಹಾಕಿ ಕೂತು, ಅದರ ಗುಂಯ್‌ಗೆ ತಮ್ಮ ಷಡ್ಜ ಸೇರಿಸಿ ಭಜನೆ ಹಾಡುತ್ತಿದ್ದರು. "ಇಂಥ ತಂಬೂರಿ ಊರಲ್ಲಿ ಯಾರತ್ರ ಉಂಟು ಹೇಳು? ಇದು ಶ್ರುತಿಯೂ ಕೊಡ್ತದೆ, ಗಾಳಿಯೂ ಕೊಡ್ತದೆ" ಎನ್ನುತ್ತಿದ್ದರು. ಕಂಪ್ರೆಸರ್ ನಿಂತಾಗ ಅವರ ಹಾಡೂ ಗಕ್ಕನೆ ನಿಲ್ಲುತ್ತಿತ್ತು. ಅಮ್ಮ ಅಡಿಗೆಮನೆಯಿಂದ "ತಂಬೂರಿಗೆ ಉಸಿರು ಬರ್ಲಿ, ಅಷ್ಟರಲ್ಲಿ ತಿಂಡಿ ತಿನ್ನಿ" ಎಂದು ಕೂಗುತ್ತಿದ್ದರು.

ಮಗಳು ಪಿಟೀಲು ಕಲಿಯಬೇಕು ಎನ್ನುವುದು ಪಪ್ಪನ ಆಸೆ. ಶಾಲೆಯಲ್ಲಿ ತಂತಿವಾದ್ಯದ ತರಗತಿ ಶುರುವಾದಾಗ ಎಲ್ಲರಿಗಿಂತ ಮೊದಲು ನನ್ನ ಹೆಸರು ಬರೆಸಿದರು. ಅದು ಪಾಶ್ಚಾತ್ಯ ಸಂಗೀತ ಎಂದು ಯಾರೋ ಹೇಳಿದ್ದಕ್ಕೆ "ತಂತಿ ನಾಲ್ಕೇ ಅಲ್ವಾ? ಮತ್ತೆಂತ" ಎಂದರು.

ಕಲಿಸಲು ಬಂದವರು ಅನಾಹಿತ್ ಮಿಸ್, ಆರ್ಮೇನಿಯಾದವರು. ಎತ್ತರದ ಹೆಂಗಸು, ನಗು ಅಪರೂಪ. ನನ್ನ ಪಿಟೀಲನ್ನು ಅವರು ಒಂದು ಇಡೀ ವರ್ಷ ಸಹಿಸಿದರು. ನಾನು ಮೇಲಿನ ತಂತಿ ಮುಟ್ಟಿದರೆ ಪಕ್ಕದ ಹುಡುಗಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು, ಅದೂ ಒಂದು ಕೈಯಿಂದ, ಇನ್ನೊಂದು ಕೈಯಲ್ಲಿ ಅವಳ ಪಿಟೀಲಿತ್ತಲ್ಲ. ಆ ವರ್ಷ ನಾನು ಬಿದಿರಿನ ಹಾಗೆ ಉದ್ದವಾದೆ. ಒಂದು ದಿನ ಮಿಸ್ ನನ್ನ ಎಡಗೈಯನ್ನು ಹಿಡಿದೆಳೆದು, ಬೆರಳುಗಳನ್ನು ಅಗಲಿಸಿ ನೋಡಿ, ಒಳಗಿನಿಂದ ದೊಡ್ಡದೊಂದು ವಾದ್ಯ ತಂದು ನನ್ನ ಹೆಗಲಿಗೆ ಇಟ್ಟರು. "ಇನ್ನು ಮುಂದೆ ಇದು" ಎಂದರು. ಹಿಂದಿನ ಬೆಂಚಿನವರು ಮುಸಿಮುಸಿ ನಕ್ಕರು. ಪಿಟೀಲಿಗೆ ಆಗದವರನ್ನು ವಿಯೋಲಾಕ್ಕೆ ಹಾಕುತ್ತಾರೆ ಎನ್ನುವುದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಆ ಸಂಜೆ ಅನ್ನ ಕಲಸುತ್ತಾ ಹೇಗೆ ಹೇಳುವುದೆಂದು ಯೋಚಿಸಿ ಯೋಚಿಸಿ ಕೊನೆಗೆ ಹೇಳಿದೆ.

"ಪಪ್ಪ, ನನಗೆ ಬೇರೆ ಕೊಟ್ರು."

"ಎಂತ ಬೇರೆ?"

"ವಿಯೋಲಾ ಅಂತ. ಪಿಟೀಲಿನ ಹಾಗೇ. ಸ್ವಲ್ಪ ದೊಡ್ಡದು."

ಪಪ್ಪನ ಮುಖ ಅರಳಿತು. "ದೊಡ್ಡದಾ? ಒಂದೇ ವರ್ಷದಲ್ಲಿ ಪ್ರಮೋಷನ್ನಾ?"

ಅಮ್ಮ ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಯಿತು, ನನ್ನ ಅನ್ನಕ್ಕೆ ಇನ್ನಷ್ಟು ಸಾರು ಬಡಿಸಿದರು. ಮರುದಿನ ಪಪ್ಪ ಅಂಗಡಿಯಲ್ಲಿ ಲಾಡು ಹಂಚಿದರು. ಎದುರಿನ ಕಾರ್ಪೆಟ್ ಅಂಗಡಿಯ ಇರಾನಿಗೂ, ಕೆಳಗಿನ ಗ್ರೋಸರಿಯ ಕುಂಞಾಲಿಯವರಿಗೂ "ಮಗಳಿಗೆ ದೊಡ್ಡ ಪಿಟೀಲು ಸಿಕ್ಕಿತು" ಎಂಬ ಸುದ್ದಿ ಹೋಯಿತು. ಇಡೀ ಬೀದಿಯೇ ಅಭಿನಂದಿಸಿದ ಮೇಲೆ ಹಿಂದೆ ಸರಿಯಲು ಎಲ್ಲಿ ದಾರಿ?

ನಿಜ ಹೇಳಲಾ? ಹಿಂದೆ ಸರಿಯುವ ಮನಸ್ಸು ಅಷ್ಟರಲ್ಲೇ ಹೋಗಿತ್ತು. ವಿಯೋಲಾದಲ್ಲಿ ಪಿಟೀಲಿಗಿಲ್ಲದ ಒಂದು ದಪ್ಪ, ತಗ್ಗು ಸ್ವರದ ತಂತಿ ಇದೆ. ಅದರ ಮೇಲೆ ಮೊದಲ ಸಲ ಕಮಾನು ಎಳೆದಾಗ ಸದ್ದು ಕಿವಿಗೆ ಬರುವ ಮೊದಲು ಕತ್ತಿನ ಕೆಳಗಿನ ಎಲುಬಿಗೆ ಬಂತು. ಮೈಯೊಳಗೆ ಯಾರೋ ಬಾಗಿಲು ತೆರೆದು "ಬಾ, ಕೂತ್ಕೋ" ಎಂದ ಹಾಗೆ. ಅಲ್ಲಿಯವರೆಗೆ ನನ್ನ ದನಿ ಎಲ್ಲರಿಗಿಂತ ದಪ್ಪ ಎಂದು ಶಾಲೆಯ ಪ್ರಾರ್ಥನೆಯಲ್ಲೂ ಬಾಯಿ ಮಾತ್ರ ಆಡಿಸುತ್ತಿದ್ದವಳು ನಾನು. ಆ ದಿನ ನನ್ನ ಜಾತಿಯ ವಾದ್ಯ ಸಿಕ್ಕಿತು.

ಮುಂದಿನದನ್ನು ಸಾಲಾಗಿ ಹೇಳಿದರೆ ನಿಮಗೆ ಆಕಳಿಕೆ ಬರುತ್ತದೆ. ಸ್ಕಾಲರ್‌ಶಿಪ್ಪಿನಲ್ಲಿ ಯುರೋಪಿಗೆ ಹೋದೆ, ಚಳಿಯಲ್ಲಿ ಬೆರಳು ಮರಗಟ್ಟಿಸಿಕೊಂಡು ಕಲಿತೆ, ತಿರುಗಿ ಇಲ್ಲಿಗೇ ಬಂದೆ. ಹಗಲು ಶಾಲೆಯಲ್ಲಿ ಪಾಠ, ಸಂಜೆ ವಿಲ್ಲಾದಿಂದ ವಿಲ್ಲಾಕ್ಕೆ ಮನೆಪಾಠ, ವಾರಾಂತ್ಯದಲ್ಲಿ ಹೋಟೆಲುಗಳಲ್ಲಿ, ಮದುವೆಗಳಲ್ಲಿ ನಾಲ್ವರ ತಂಡ. ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವ ಅರ್ಧ ತಾಸು ನಮ್ಮನ್ನೇ ದಿಟ್ಟಿಸಿ, ಮ್ಯಾನೇಜರನ್ನು ಕರೆದು, "ಆ ಮೂರನೆಯವರು ಹಾಡನ್ನೇ ನುಡಿಸ್ತಾ ಇಲ್ಲ, ಸುಮ್ನೆ ಕೈ ಆಡಿಸ್ತಿದ್ದಾರೆ" ಎಂದು ದೂರು ಕೊಟ್ಟರು. ಮೂರನೆಯವಳು ನಾನು. ಆ ರಾತ್ರಿಯ ಮಟ್ಟಿಗೆ ಪಿಟೀಲಿನವಳು ಒಂದು ಹಾಡನ್ನು ನನಗೆ ಬಿಟ್ಟುಕೊಟ್ಟಳು. ಮಾವ ಹೆಬ್ಬೆರಳೆತ್ತಿ ತೋರಿಸಿದರು.

ಮನೆಪಾಠದ ಮಕ್ಕಳ ತಾಯಂದಿರದೂ ಒಂದೇ ಮಾತು: "ಮೊದಲು ವಯೋಲಿನ್ ನೋಡುವಾ ಟೀಚರ್, ಅದಾಗದಿದ್ರೆ ನಿಮ್ಮದು." ನಾನು ತುಳುವಿನಲ್ಲಿ ಏನೋ ಗೊಣಗುತ್ತಿದ್ದೆ. ಮಕ್ಕಳು ಇಂಗ್ಲಿಷಿನಲ್ಲಿ "ವಾಟ್, ಮಿಸ್?" ಎನ್ನುತ್ತಿದ್ದವು.

ಹೀಗಿರುವಾಗ ಒಂದು ಸಂಜೆ ಕರಾಮದ ನನ್ನ ಫ್ಲಾಟಿನ ಬೆಲ್ಲಾಯಿತು. ಕೆಳಗಿನ ಮನೆಯ ಮೈಮೂನಕ್ಕ ನಿಂತಿದ್ದರು. ಉಳ್ಳಾಲದ ಬ್ಯಾರಿ ಹೆಂಗಸು, ನನಗಿಂತ ಏಳೆಂಟು ವರ್ಷ ದೊಡ್ಡವರು. ಎರಡು ಬೀದಿ ಆಚೆ ಬುರ್ಖಾದಂಥ ಅಬಾಯಾ ಹೊಲಿಯುವ ಸ್ವಂತ ಅಂಗಡಿ. ಲಿಫ್ಟಿನಲ್ಲಿ ಸಿಕ್ಕರೆ ತಲೆ ಅಲ್ಲಾಡಿಸುವಷ್ಟೇ ಪರಿಚಯ. ಸದ್ದಿನ ಬಗ್ಗೆ ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಅಲ್ಲ ಮಾರಾಯ್ತಿ, ನಿನ್ನೆ ಅರ್ಧದಲ್ಲಿ ನಿಲ್ಲಿಸಿದ್ದು ಯಾಕೆ?" ಎಂದರು ಅವರು.

"ಎಂತ ನಿಲ್ಲಿಸಿದ್ದು?"

"ಆ ದಪ್ಪ ಸ್ವರದ್ದು. ಬಾತ್‌ರೂಮಿನ ಜಾಲರಿಯಲ್ಲಿ ನನಗೆ ದಿನಾ ಕೇಳ್ತದೆ. ನಿನ್ನೆ ಮೇಲೆ ಮೇಲೆ ಹೋಗಿ ಇನ್ನೇನು ಇಳೀಬೇಕು ಅನ್ನುವಾಗ ನಿಂತೇ ಹೋಯ್ತು. ನನಗೆ ಮೀನು ಕಾಯಿಸ್ಲಿಕ್ಕೂ ಮನಸ್ಸಿಲ್ಲ."

ನಿನ್ನೆ ಯಾರದೋ ಫೋನ್ ಬಂದು ನಿಲ್ಲಿಸಿದ್ದೆ. ಒಳಗೆ ಕರೆದು ಕೂರಿಸಿ ಆ ಭಾಗವನ್ನು ಕೊನೆಯವರೆಗೆ ನುಡಿಸಿದೆ. ಮೈಮೂನಕ್ಕ ಕಣ್ಣು ಮುಚ್ಚಿ ಕೇಳಿದರು. "ಹಾಂ, ಈಗ ಖಲಾಸ್ ಆಯ್ತು" ಎಂದು ನಿಟ್ಟುಸಿರು ಬಿಟ್ಟರು. ಬಾಗಿಲವರೆಗೆ ಹೋದವರು ತಿರುಗಿ, "ಇದು ನನ್ನಂಥವರಿಗೂ ಬರ್ತದಾ?" ಎಂದು ಕೇಳಿದರು.

ನನ್ನ ಬದುಕಿನಲ್ಲಿ ವಯೋಲಿನ್ ಬೇಡ, ವಿಯೋಲಾವೇ ಬೇಕು ಎಂದು ತಾನಾಗಿ ಬಂದ ಮೊದಲ ವ್ಯಕ್ತಿ ಅವರು. ವಯಸ್ಸು ಐವತ್ತು ದಾಟಿತ್ತು. ಅವರ ಮಗಳು ಶಿಫಾ ಸುದ್ದಿ ಕೇಳಿ "ಉಮ್ಮಾ, ಆರ್ ಯು ಸೀರಿಯಸ್?" ಎಂದಳಂತೆ. "ಸೀರಿಯಸ್ಸೇ, ನಿನ್ನ ಮದುವೆಗೆ ನಾನೇ ಬಾರಿಸುದು" ಎಂದು ಇವರು ಹೆದರಿಸಿದರಂತೆ.

ಅವರಿಗೊಂದು ಹಳೇ ವಿಯೋಲಾ ಕೊಡಿಸಿ ಕಲಿಸಲು ಶುರುಮಾಡಿದೆ. ಮೈಮೂನಕ್ಕನದು ಗಿಡ್ಡ ಕೈ, ತುಂಬಿದ ಮೈ. ವಾದ್ಯವನ್ನು ಮಟ್ಟಸವಾಗಿ ಹಿಡಿಯಲು ಅವರಿಗೆ ಆಗುತ್ತಲೇ ಇರಲಿಲ್ಲ. ಅದು ಬಲಗಡೆಗೆ ಜಾರಿ, ಮಗುವನ್ನು ಒಂದು ಕಡೆಗೆ ಮಲಗಿಸಿಕೊಂಡ ಹಾಗೆ ವಾಲುತ್ತಿತ್ತು. "ನೇರ ಹಿಡೀರಿ, ನೇರ" ಎಂದು ನಾನು ವಾರವಾರವೂ ಹೇಳುತ್ತಿದ್ದೆ. "ಇದು ನೇರವೇ ಟೀಚರ್, ನಾನೇ ಸೊಟ್ಟ" ಎನ್ನುತ್ತಿದ್ದರು. ಆದರೆ ಕಮಾನು ಎಳೆಯುವಾಗ ಅವರಿಗೆ ಅವಸರವಿರಲಿಲ್ಲ. ಒಂದು ಸ್ವರ ಚೆನ್ನಾಗಿ ಬಂದರೆ ಮುಂದಿನದಕ್ಕೆ ಹೋಗದೆ ಅಲ್ಲೇ ಕೂತು ಅದನ್ನೇ ನುಡಿಸುವವರು. ಇಂಥ ಶಿಷ್ಯೆ ಸಿಕ್ಕರೆ ಯಾವ ಟೀಚರಿಗೆ ಬೇಡ?

ನಾನು ಸಾಲಿನಲ್ಲಿ ಕೂತು ನುಡಿಸುತ್ತಿದ್ದ ಆರ್ಕೆಸ್ಟ್ರಾಕ್ಕೆ ಇಷ್ಟ್ವಾನ್ ಎಂಬ ಹಂಗೇರಿಯವನು ನಿರ್ದೇಶಕ. ವಿಯೋಲಾ ಮುಂದೆ ನಿಂತು, ಇಡೀ ಆರ್ಕೆಸ್ಟ್ರಾ ಹಿಂದೆ ನಿಲ್ಲುವಂಥ ದೊಡ್ಡ ಕೃತಿಗಳೂ ಇವೆ, ಕಡಿಮೆ ಅಷ್ಟೆ. ಅಂಥದೊಂದನ್ನು ಮಾಡೋಣ ಎಂದು ನಾನು ಅವನಲ್ಲಿ ಪ್ರತಿವರ್ಷ ಕೇಳುತ್ತಿದ್ದೆ. "ಮುಂದಿನ ಸೀಸನ್" ಎನ್ನುತ್ತಿದ್ದ. ಮುಂದಿನ ಸೀಸನ್ನಿನಲ್ಲಿ ಹೊರಗಿನಿಂದ ಯಾರೋ ಪಿಟೀಲಿನವರು ಬಂದು, ಮುಂದೆ ನಿಂತು ಮಿಂಚಿ, ಹೂಗುಚ್ಛ ಹಿಡಿದು ವಿಮಾನ ಹತ್ತುತ್ತಿದ್ದರು. ಕೊನೆಗೊಂದು ವರ್ಷ ನನ್ನ ಕಾಟ ತಾಳದೆಯೋ ಏನೋ ಅವನು ಒಪ್ಪಿದ. ಅಬುಧಾಬಿಯಲ್ಲಿ, ದೊಡ್ಡ ಸಭಾಂಗಣದಲ್ಲಿ, ಶನಿವಾರ ಮಧ್ಯಾಹ್ನದ ಕಛೇರಿ. ಸೋಲೋ ವಿಯೋಲಾ: ನಾನು. ಕಾರಿನಲ್ಲಿ ಒಬ್ಬಳೇ ಕೂತು ಕೂಗಿಬಿಟ್ಟೆ. ಪಕ್ಕದ ಟ್ಯಾಕ್ಸಿಯವನು ಕಿಟಕಿ ಇಳಿಸಿ "ಸಬ್ ಠೀಕ್, ಮೇಡಂ?" ಎಂದು ಕೇಳಿದ.

ಸಬ್ ಠೀಕ್ ಇದ್ದದ್ದು ಕೆಲವೇ ವಾರ.

ಒಂದು ಬೆಳಿಗ್ಗೆ ಬಲಗೈ ಮೇಲೇಳಲಿಲ್ಲ. ತಲೆ ಬಾಚಲು ಎತ್ತಿದರೆ ಭುಜದಲ್ಲಿ ಚಾಕು ಆಡಿದ ಹಾಗೆ. ಡಾಕ್ಟರು ಎಕ್ಸ್‌ರೇ ಎಲ್ಲ ನೋಡಿ "ಫ್ರೋಜನ್ ಶೋಲ್ಡರ್" ಎಂದರು. ಹೊರಗೆ ಡಾಂಬರು ಕರಗುವ ಬಿಸಿಲು, ಈ ಊರಲ್ಲಿ ಮಂಜುಗಟ್ಟಿದ್ದು ನನ್ನ ಭುಜವೊಂದೇ. ತಾನಾಗಿ ಬಿಡುತ್ತದೆ, ಆದರೆ ವರ್ಷವೂ ಹಿಡಿಯಬಹುದು, ವ್ಯಾಯಾಮ ಬಿಡಬೇಡಿ ಎಂದರು.

ಇದರ ಕ್ರೂರ ತಮಾಷೆ ಏನೆಂದು ಹೇಳುತ್ತೇನೆ. ವಿಯೋಲಾದ ಎಲ್ಲಕ್ಕಿಂತ ಸಣ್ಣ ತಂತಿಯನ್ನು ನುಡಿಸುವಾಗ ಬಲಗೈ ಕೆಳಗೇ ಇರುತ್ತದೆ. ಒಂದೊಂದು ತಂತಿ ದಾಟಿದ ಹಾಗೂ ಮೊಣಕೈ ಮೇಲೇರಬೇಕು. ಆ ಕೊನೆಯ ದಪ್ಪ ತಂತಿಗೆ ಬಂದಾಗ ಕೈ ಭುಜದ ಮಟ್ಟಕ್ಕೆ ಎದ್ದಿರಬೇಕು. ಅಂದರೆ ಯಾವ ತಂತಿಗಾಗಿ ನಾನು ಈ ವಾದ್ಯವನ್ನು ಕಟ್ಟಿಕೊಂಡೆನೋ ಅದೇ ನನ್ನ ಕೈಗೆ ಎಟುಕುತ್ತಿರಲಿಲ್ಲ. ಮನೆಪಾಠಗಳನ್ನು ಕುಳಿತಲ್ಲಿಂದಲೇ, ಬಾಯಲ್ಲೇ ಹೇಳಿ ಮುಗಿಸುತ್ತಿದ್ದೆ. ಮನೆಗೆ ಬಂದು ಪೆಟ್ಟಿಗೆಯನ್ನು ಮುಚ್ಚಳ ತೆರೆಯದೆ ಮೂಲೆಯಲ್ಲಿಡುತ್ತಿದ್ದೆ.

ಪಾಠಕ್ಕೆ ಬಂದ ಮೈಮೂನಕ್ಕ ನಾನು ಚಾ ಲೋಟ ಎತ್ತುವುದನ್ನು ನೋಡಿಯೇ ಕಂಡುಹಿಡಿದರು.

"ಭುಜ ಹಿಡಿದುಕೊಂಡಿತಾ? ನನಗೂ ಆಗಿತ್ತು, ಶಿಫಾ ಟೆಂತಿನಲ್ಲಿರುವಾಗ. ಬುರ್ಖಾ ಹಾಕ್ಲಿಕ್ಕೂ ಅವಳೇ ಬೇಕಿತ್ತು."

"ಇಷ್ಟ್ವಾನಿಗೆ ಹೇಳಿಬಿಡ್ತೇನೆ ಮೈಮೂನಕ್ಕ. ಬೇರೆ ಯಾರನ್ನಾದ್ರೂ ಕರೀಲಿ."

"ಎಂತ ಹೇಳುದು? ಕಛೇರಿ ಯಾವಾಗ?"

"ಬರುವ ಚಳಿಗಾಲಕ್ಕೆ."

"ಅಷ್ಟು ದೂರ ಉಂಟಲ್ಲ! ಏಳಿ. ಗೋಡೆ ಹತ್ತುವಾ."

ಗೋಡೆ ಹತ್ತುವುದೆಂದರೆ, ಗೋಡೆಗೆ ಮುಖ ಮಾಡಿ ನಿಂತು ಎರಡು ಬೆರಳನ್ನು ಜೇಡನ ಹಾಗೆ ಮೇಲೆ ಮೇಲೆ ನಡೆಸುವುದು. ನೋವು ತಡೆಯುವಷ್ಟು ದೂರ, ಅದರ ಮೇಲೆ ಒಂದು ಹೆಜ್ಜೆ. ಅಂಗಡಿ ತೆರೆಯುವ ಮೊದಲು ದಿನಾ ಬೆಳಿಗ್ಗೆ ಅವರು ಮೇಲೆ ಬರುತ್ತಿದ್ದರು. ನಾನು ಗೋಡೆಗೆ, ಅವರು ವಿಯೋಲಾಕ್ಕೆ. "ಇನ್ನೂ ಒಂದು ಟೀಚರ್, ಯಲ್ಲಾ, ಇನ್ನೂ ಒಂದು!" ಎಂದು ಅವರು ಕೂಗುವುದು, "ಮೈಮೂನಕ್ಕ, ಶ್ರುತಿ!" ಎಂದು ನಾನು ಕೂಗುವುದು. ಗೋಡೆಯ ಬಣ್ಣ ಒಂದು ಸಾಲಿನಲ್ಲಿ ಮಾಸಿತು. ತಾಯಿಯ ಕೈಗೆ ಸಿಕ್ಕ ಮಗುವಿನ ಹಾಗೆ ನಾನು ಒಂದೊಂದು ದಿನ ಅತ್ತದ್ದೂ ಉಂಟು. ಅವರು ಕಮಾನು ನಿಲ್ಲಿಸುತ್ತಿರಲಿಲ್ಲ. "ಅಳುವಾಗ ಕೈ ಸಡಿಲ ಆಗ್ತದೆ, ಒಳ್ಳೆದು, ಹತ್ತಿ" ಎನ್ನುತ್ತಿದ್ದರು.

ತಂತಿಗಳು ಒಂದೊಂದಾಗಿ ಮರಳಿ ಬಂದವು. ಮೊದಲು ಸಣ್ಣದು. ಒಂದೆರಡು ತಿಂಗಳ ಮೇಲೆ ಎರಡನೆಯದು. ರಂಜಾನ್ ಮುಗಿಯುವ ಹೊತ್ತಿಗೆ ಮೂರನೆಯದು. ಈದ್ ಹಬ್ಬಕ್ಕೆ ಕೆಳಗಿನಿಂದ ಬಿರಿಯಾನಿ ಬಂದಾಗ ನಾನು ತಟ್ಟೆಗೆ ಬದಲಾಗಿ ಮೂರು ತಂತಿಯಲ್ಲಿ ಏನೋ ಒಂದು ನುಡಿಸಿ ಜಾಲರಿಯಿಂದ ಕೆಳಗೆ ಕಳಿಸಿದೆ. ನಾಲ್ಕನೆಯದು ಮಾತ್ರ ಹಟ ಹಿಡಿದು ಕೂತಿತು.

ಇಷ್ಟರಲ್ಲಿ ಯಾರ ಬಾಯಿಂದಲೋ ಇಷ್ಟ್ವಾನಿಗೆ ಸುದ್ದಿ ಹೋಗಿತ್ತು. ಫೋನ್ ಮಾಡಿದ. ಸಿಟ್ಟಿಲ್ಲ, ಬೇಸರವಿತ್ತು. "ಒಬ್ಬ ಪಿಟೀಲಿನವನ ಹತ್ತಿರ ಮಾತಾಡಿಟ್ಟಿದ್ದೇನೆ. ತಿಂಗಳ ಕೊನೆಗೆ ಬಂದು ನುಡಿಸಿ ತೋರಿಸು. ಆಗದಿದ್ದರೆ ಕಾರ್ಯಕ್ರಮ ಬದಲಿಸುತ್ತೇನೆ. ನನ್ನ ಜಾಗದಲ್ಲಿದ್ದರೆ ನೀನೂ ಅದನ್ನೇ ಮಾಡುತ್ತಿದ್ದೆ" ಎಂದ. ಹೌದು, ಮಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ಗೋಡೆಯ ಮೇಲೆ ಬೆರಳು ನಡೆಸುತ್ತಾ ತಿರುಗಿ ನೋಡಿದೆ. ಮೈಮೂನಕ್ಕ ದಪ್ಪ ತಂತಿಯ ಮೇಲೆ ತಮ್ಮ ಪ್ರೀತಿಯ ಸ್ವರವನ್ನು ಉದ್ದಕ್ಕೆ ಎಳೆಯುತ್ತಾ ಕೂತಿದ್ದರು. ಮೊಣಕೈ ಎದ್ದೇ ಇರಲಿಲ್ಲ. ಪಕ್ಕೆಯ ಹತ್ತಿರವೇ ಹಾಯಾಗಿತ್ತು. ಯಾಕೆಂದರೆ ವಾದ್ಯ ಬಲಗಡೆಗೆ ವಾಲಿತ್ತು. ದಪ್ಪ ತಂತಿ ತಾನೇ ಬಲಕ್ಕೆ ಹೊರಳಿ ಅವರ ಕಮಾನಿನ ಹತ್ತಿರ ಬಂದಿತ್ತು.

"ಮೈಮೂನಕ್ಕ, ಹಾಗೇ ಇರಿ, ಅಲ್ಲಾಡ್ಬೇಡಿ."

"ಸೊಟ್ಟ ಆಯ್ತಾ? ನೇರ ಮಾಡ್ತೇನೆ, ನೇರ ಮಾಡ್ತೇನೆ..."

"ಮಾಡ್ಬೇಡಿ!"

ನನ್ನ ಪೆಟ್ಟಿಗೆ ತೆರೆದೆ. ಅವರ ಪಕ್ಕದಲ್ಲಿ ನಿಂತು, ಅವರ ಹಾಗೆಯೇ ವಾದ್ಯವನ್ನು ವಾಲಿಸಿ, ಕಮಾನು ಇಟ್ಟು ಎಳೆದೆ. ತಿಂಗಳುಗಟ್ಟಲೆ ಕೇಳದ ಆ ದನಿ ಕೋಣೆಯ ತುಂಬ ಬಂತು. ಭುಜ ಸುಮ್ಮನಿತ್ತು. ಮೈಮೂನಕ್ಕನಿಗೆ ಏನಾಯಿತೆಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದಮೇಲೆ ಅವರು ತಮ್ಮ ಕಮಾನಿನಿಂದ ನನ್ನ ಬೆನ್ನಿಗೆ ಒಂದು ಬಾರಿಸಿ, "ಇಷ್ಟು ವರ್ಷ ನನ್ನನ್ನು ಬೈದದ್ದು ಯಾಕೆ ಮತ್ತೆ?" ಎಂದು ಕೇಳಿದರು. ಇಬ್ಬರೂ ನಗುತ್ತಾ ನೆಲದ ಮೇಲೆ ಕೂತೆವು. ಮೈಮೂನಕ್ಕನ ಅಂಗಡಿ ಆವತ್ತು ತಡವಾಗಿ ತೆರೆಯಿತು.

ನಮ್ಮ ಆರ್ಕೆಸ್ಟ್ರಾದ ತಾಲೀಮು ನಡೆಯುವುದು ಅಲ್ ಕೂಜಿನ ಒಂದು ಗೋದಾಮಿನಲ್ಲಿ. ಒಂದು ಪಕ್ಕ ಕಾರು ಗ್ಯಾರೇಜು, ಇನ್ನೊಂದು ಪಕ್ಕ ಅಲ್ಯೂಮಿನಿಯಂ ಕಿಟಕಿಯ ಕಾರ್ಖಾನೆ. ಗರಗಸ ನಿಂತ ಹೊತ್ತು ನೋಡಿ ಇಷ್ಟ್ವಾನ್ ಶುರುಮಾಡಲು ಹೇಳಿದ. ತಾನು ನನಗೆ ಬೆನ್ನು ಹಾಕಿ ಕೂತ. ಕಣ್ಣಿಗೆ ಮೋಸವಾಗಬಾರದೆಂದು ಅವನು ಯಾವಾಗಲೂ ಹೀಗೆಯೇ ಪರೀಕ್ಷೆ ಮಾಡುವುದು. ನಾನು ನಿಧಾನದ ಭಾಗದಿಂದ ಆರಂಭಿಸಿದೆ. ಅದು ಪೂರ್ತಿ ದಪ್ಪ ತಂತಿಗಳಲ್ಲೇ ಸಾಗುವಂಥದ್ದು. ಅರ್ಧ ದಾಟಿದಾಗ ಅವನು ತಿರುಗಿ ಕೂತ.

"ನೀನು ವಾದ್ಯವನ್ನು ಹೊಸಬರ ಹಾಗೆ ಹಿಡಿದಿದ್ದೀಯಲ್ಲ" ಎಂದ.

"ಹೊಸಬರಿಂದಲೇ ಕಲಿತದ್ದು."

"ಬದಲಿಸಬೇಡ. ನಿನ್ನಿಂದ ಈ ಸದ್ದು ನಾನು ಕೇಳಿರಲಿಲ್ಲ."

ಆಗ ಗರಗಸ ಮತ್ತೆ ಶುರುವಾಯಿತು. ಅವನು ಫೋನ್ ತೆಗೆದು ಪಿಟೀಲಿನವನಿಗೆ ಹಂಗೇರಿಯನ್ನಿನಲ್ಲಿ ಏನೋ ಹೇಳುತ್ತಾ ಹೊರಗೆ ಹೋದ. ನನಗೆ ಅರ್ಥವಾದದ್ದು ಒಂದೇ ಪದ, ವಿಯೋಲಾ.

ಶನಿವಾರ ಬಂತು. ಪಪ್ಪ ಈಗ ಮಂಗಳೂರಿನಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಾರೆ. ವಿಸಿಟ್ ವೀಸಾದಲ್ಲಿ, ಹೊಸ ಜುಬ್ಬಾ ಹೊಲಿಸಿಕೊಂಡು ಬಂದಿಳಿದರು. ಅಮ್ಮ ಹೋಗಿ ಕೆಲವು ವರ್ಷವಾಯಿತು. ಅವರ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆಯನ್ನು ಪಪ್ಪ ಪೇಪರಿನಲ್ಲಿ ಸುತ್ತಿ ತಂದಿದ್ದರು. ಉಟ್ಟೆ. ಭುಜದ ಹತ್ತಿರ ರವಿಕೆ ಬಿಗಿಯಾಗಬಾರದೆಂದು ಮೈಮೂನಕ್ಕ ತಮ್ಮ ಅಂಗಡಿಯಲ್ಲೇ ತೋಳು ಬಿಚ್ಚಿ ಹೊಲಿದುಕೊಟ್ಟರು. ಅಷ್ಟಕ್ಕೇ ನಿಲ್ಲಿಸದೆ ಕರಾಮದಿಂದ ಒಂದು ಬಸ್ಸನ್ನೇ ಹೊರಡಿಸಿದ್ದರು: ನಮ್ಮ ಕಟ್ಟಡದವರು, ಅವರ ಟೈಲರುಗಳು, ನನ್ನ ಶಿಷ್ಯರು, ಅವರ ತಾಯಂದಿರು, ಹೋಟೆಲಿನವರು ಇಬ್ಬರು. ಬಸ್ಸಿನಲ್ಲಿ ಚಟ್ಟಂಬಡೆ ಹಂಚಿದರಂತೆ. ಕೆಲವರು ಎಣ್ಣೆ ಕೈಯಲ್ಲೇ ಬಂದು ಮಖಮಲ್ಲಿನ ಕುರ್ಚಿಯಲ್ಲಿ ಕೂತರು.

ವೇದಿಕೆಯ ಮೇಲೆ ನಡೆದು ಬಂದೆ. ಸಾಲಿನ ನಡುವೆ ಕೂರುವವಳಿಗೆ ಮುಂದೆ ನಿಲ್ಲುವ ಜಾಗ ತುಂಬಾ ಅಗಲವೆನಿಸುತ್ತದೆ. ಆದರೆ ಮೊದಲ ಸ್ವರ ಕತ್ತಿನ ಎಲುಬಿಗೆ ತಾಗಿದ ಮೇಲೆ ಹೆದರಿಕೆಗೆ ಜಾಗವಿರಲಿಲ್ಲ. ನಿಧಾನದ ಭಾಗ ಬಂತು. ವಿಯೋಲಾವನ್ನು ವಾಲಿಸಿ ದಪ್ಪ ತಂತಿಗೆ ಇಳಿದೆ. ಆರ್ಕೆಸ್ಟ್ರಾದ ಅಷ್ಟೂ ಪಿಟೀಲುಗಳು ನನಗಾಗಿ ಪಿಸುಗುಟ್ಟುತ್ತಿದ್ದವು. ಹೌದು, ಅವು ನನ್ನ ಸೆರಗು ಹಿಡಿದಿದ್ದವು. ಆ ಕ್ಷಣದಲ್ಲೂ ನನಗೆ ನಗು ಬಂತೆಂದರೆ ನಂಬಿ.

ಆ ಭಾಗ ಮುಗಿದಾಗ ಕರಾಮದ ಸಾಲುಗಳು ಚಪ್ಪಾಳೆ ಹೊಡೆದವು. ಪಾಶ್ಚಾತ್ಯ ಕಛೇರಿಯಲ್ಲಿ ಎಲ್ಲ ಭಾಗಗಳು ಮುಗಿಯುವವರೆಗೆ ಚಪ್ಪಾಳೆ ಹೊಡೆಯಬಾರದು. ತಿಳಿದವರು ತಿರುಗಿ ಕೆಂಗಣ್ಣು ಬಿಟ್ಟರು. ಮೈಮೂನಕ್ಕ ಅವರನ್ನು ನೋಡಿ ಇನ್ನೂ ಜೋರಾಗಿ ಹೊಡೆದರು. ನಾನು ಕರಾಮದ ಕಡೆಗೆ ತಿರುಗಿ ತಲೆಬಾಗಿದೆ. ಇಷ್ಟ್ವಾನ್ ತಾಳ ತೋರಿಸುವ ಕೋಲನ್ನು ಕಂಕುಳಲ್ಲಿಟ್ಟು ತಾನೂ ಚಪ್ಪಾಳೆ ತಟ್ಟಿದ. ಆಮೇಲೆ ಕೆಂಗಣ್ಣಿನವರೂ ತಟ್ಟಿದರು. ಕೊನೆಯ ಭಾಗ ವೇಗದ್ದು. ಅದನ್ನು ಹೇಗೆ ನುಡಿಸಿದೆನೆಂದು ನನಗೆ ನೆನಪಿಲ್ಲ, ಚೆನ್ನಾಗಿ ನುಡಿಸಿದೆ ಎನ್ನುವುದು ಮಾತ್ರ ಗೊತ್ತು. ಇಷ್ಟು ವಯಸ್ಸಾದ ಮೇಲೆ ವಿನಯಕ್ಕಾಗಿ ಸುಳ್ಳು ಹೇಳುವುದೇಕೆ? ಸಭೆ ಎದ್ದು ನಿಂತಿತು. ಮತ್ತೆ ಮತ್ತೆ ಒಳಗೆ ಹೋಗಿ ಹೊರಗೆ ಬಂದೆ. ಕೊನೆಯ ಸಲ ಬಲಗೈಯನ್ನು ಪೂರ್ತಿ ಮೇಲೆತ್ತಿ ಬೀಸಿದೆ. ಅದರ ಅರ್ಥ ತಿಳಿದವರು ಸಭೆಯಲ್ಲಿ ಒಬ್ಬರೇ. ಅವರು ತಲೆವಸ್ತ್ರದ ತುದಿಯಲ್ಲಿ ಕಣ್ಣೊರಸಿಕೊಳ್ಳುತ್ತಿದ್ದರು.

ಇಂಟರ್ವಲ್ಲಿನಲ್ಲಿ ಪಪ್ಪ ಒಳಗೆ ಬಂದರು. ನನ್ನ ಕೈ ಹಿಡಿದು ಏನೋ ದೊಡ್ಡ ಮಾತು ಹೇಳಲು ಹೊರಟವರು "ಹಸಿವಾಯ್ತಾ ನಿಂಗೆ?" ಎಂದು ಕೇಳಿದರು. ಮೈಮೂನಕ್ಕ ಹಿಂದಿನಿಂದ ಚಟ್ಟಂಬಡೆಯ ಪೊಟ್ಟಣ ಚಾಚಿದರು. ರೇಷ್ಮೆ ಸೀರೆಯಲ್ಲಿ ನಿಂತು ತಿಂದೆ.

ಸೋಲೋ ನುಡಿಸಿದವರು ದ್ವಿತೀಯಾರ್ಧದಲ್ಲಿ ಮನೆಗೆ ಹೋಗಬಹುದು, ಸಭೆಯಲ್ಲಿ ಕೂತು ಕೇಳಬಹುದು. ದ್ವಿತೀಯಾರ್ಧದಲ್ಲಿದ್ದದ್ದು ಇಡೀ ಆರ್ಕೆಸ್ಟ್ರಾ ಸೇರಿ ನುಡಿಸುವ ಒಂದು ಸಿಂಫೊನಿ. ನನಗೆ ಕೂತು ಕೇಳುವ ಮನಸ್ಸಾಗಲಿಲ್ಲ. ಕೈ ತೊಳೆದು, ವಿಯೋಲಾ ಎತ್ತಿಕೊಂಡು, ಆರ್ಕೆಸ್ಟ್ರಾದವರ ಹಿಂದಿನಿಂದ ಬಂದು ವಿಯೋಲಾಗಳ ಸಾಲಿನಲ್ಲಿ ನನ್ನ ಎಂದಿನ ಕುರ್ಚಿಯಲ್ಲಿ ಕೂತೆ. ಕಪ್ಪು ಬಟ್ಟೆಗಳ ನಡುವೆ ಮಾವಿನಕಾಯಿ ಬಣ್ಣದ ಸೀರೆ ಕಂಡ ಸಭೆ ಮತ್ತೊಮ್ಮೆ ಚಪ್ಪಾಳೆ ಹೊಡೆಯಿತು. ನನ್ನ ಪಕ್ಕದಲ್ಲಿ ಕೂರುವ ಮರಿಸೆಲ್, ಮನಿಲಾದವಳು, ತಲೆ ಎತ್ತದೆ ಹೇಳಿದಳು: "ಬಂದೆಯಾ? ಪುಟ ತಿರುಗಿಸುವ ಕೆಲಸ ನಿನ್ನದೇ. ಸೋಲೋ ಅಂತ ರಿಯಾಯಿತಿ ಇಲ್ಲ."

"ಗೊತ್ತು."

"ಕೈ ಎಣ್ಣೆ ವಾಸನೆ ಬರ್ತಿದೆ."

"ಗೊತ್ತು."

ದೀಪ ಮಂದವಾಯಿತು. ಕೆಮ್ಮುಗಳು ನಿಂತವು. ಆ ಸಿಂಫೊನಿ ಹೇಗೆ ಆರಂಭವಾಗುತ್ತದೆಂದು ಸಭೆಯಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ಪಿಟೀಲಿನ ಪ್ರಸಿದ್ಧವಾದ ಧಾಟಿ ಶುರುವಾಗುವುದು ಒಂದು ಉಸಿರಿನಷ್ಟು ಆಮೇಲೆ. ಅದಕ್ಕೂ ಮೊದಲು ವಿಯೋಲಾಗಳು ಮೆಲ್ಲನೆ ಮಿಡಿಯಲು ತೊಡಗಬೇಕು. ನಾ‌ವು ಶುರುಮಾಡದೆ ಅವರು ಬರುವ ಹಾಗಿಲ್ಲ. ಇಷ್ಟ್ವಾನ್ ಕೋಲು ಎತ್ತಿದ. ಅವನ ಕಣ್ಣು ಪಿಟೀಲುಗಳನ್ನು ದಾಟಿ ನಮ್ಮ ಸಾಲಿನ ಮೇಲೆ ಬಂದು ನಿಂತಿತು. ಕಾಯುತ್ತಿದ್ದ ಅಷ್ಟೂ ಪಿಟೀಲುಗಳ ನಡುವೆ, ನಾವು ಶುರುಮಾಡಿದೆವು.